ಸ್ವಂತ ಪ್ರಕಟಣೆ ಎಂದರೆ ಮೂಗು ಮುರಿಯುವುದೇಕೆ?

ಮಾನ್ಯರೇ,

ಸ್ವಂತ ಖರ್ಚಿನಲ್ಲಿ ಪುಸ್ತಕ ಅಚ್ಚು ಹಾಕಿಸುವವರನ್ನು ‘ಪ್ರಕಾಶಕರು ಸಿಗದವರು’ ಎಂದು ಹಗುರವಾಗಿ ಕಾಣುವ ರೂಢಿ ನಮ್ಮ ಸಾಹಿತ್ಯ ವಲಯದಲ್ಲಿದೆ. ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿ, ಮಾಸ್ತರಿಕೆ ಮಾಡುತ್ತಲೇ ಕಾದಂಬರಿಗೆ ಕೈಹಾಕಿ, ಊರಿನ ಹೆಸರಿನಿಂದಲೇ ನಾಡಿಗೆ ಪರಿಚಿತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಪುಸ್ತಕಗಳ ಗಂಟು ಹೊತ್ತು ಊರೂರು ಸುತ್ತಿ ಮಾರಿದ್ದನ್ನು ಮಾತ್ರ ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಶಿವರಾಮ ಕಾರಂತರೂ ಪುತ್ತೂರಿನಲ್ಲಿ ಸ್ವಂತ ಪ್ರಕಟಣಾಲಯ ನಡೆಸಿದವರೇ.

ನನ್ನದನ್ನೇ ಹೇಳುವುದಾದರೆ, ಹೈಸ್ಕೂಲಿನಲ್ಲಿದ್ದಾಗ ಲೆಕ್ಕದ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯತೊಡಗಿದ ಕವಿತೆಗಳು ಸಂಕಲನವಾದದ್ದು ನಿವೃತ್ತಿಯ ನಂತರ. ಕಾದಂಬರಿ ಬಂದದ್ದು ಅದಕ್ಕೂ ಮೂರು ವರ್ಷ ತಡವಾಗಿ. ಕರಡು ತಿದ್ದಿದವರು ನನ್ನ ಶ್ರೀಮತಿ (ಒತ್ತಕ್ಷರದ ತಪ್ಪು ಅವರ ಕಣ್ಣಿಗೆ ಬಿದ್ದಷ್ಟು ನನ್ನ ಕಣ್ಣಿಗೆ ಬೀಳುವುದಿಲ್ಲ). ಅಚ್ಚಾದ 500 ಪ್ರತಿಗಳಲ್ಲಿ 200 ಇಂದಿಗೂ ಮಂಚದ ಕೆಳಗಿವೆ. ಮಳೆಗಾಲದಲ್ಲಿ ಗೆದ್ದಲು ಹತ್ತದಂತೆ ಕಟ್ಟು ಬಿಚ್ಚಿ, ಒಣಗಿದ ಬೇವಿನೆಲೆ ಇಟ್ಟು ಮತ್ತೆ ಕಟ್ಟುವುದು ನನ್ನ ಪಾಲಿನ ಕೆಲಸ. ಮಾರಾಟಕ್ಕೆ ಇಟ್ಟುಕೊಂಡ ಅಂಗಡಿಯೊಂದು ಮುಖಬೆಲೆಯ ಶೇ 40ರಷ್ಟನ್ನು ಮುರಿದುಕೊಂಡೂ ಉಳಿದ ಹಣಕ್ಕೆ ಎರಡು ವರ್ಷ ಅಲೆದಾಡಿಸಿತು. ಅದಿರಲಿ.

ಪತ್ರಿಕೆಗಳು ‘ಸಾದರ ಸ್ವೀಕಾರ’ದಲ್ಲಿ ಹೆಸರು, ಪುಟ, ಬೆಲೆ ಹಾಕಿ ಕೈತೊಳೆದುಕೊಳ್ಳದೆ, ತಿಂಗಳಿಗೊಂದಾದರೂ ಸ್ವಪ್ರಕಟಿತ ಕೃತಿಯನ್ನು ಪೂರ್ತಿ ಓದಿಸಿ ವಿಮರ್ಶೆ ಬರೆಸಲಿ. ಸತ್ವವಿಲ್ಲದಿದ್ದರೆ ಹಾಗೆಂದೇ ಬರೆಯಲಿ, ಬೇಸರವಿಲ್ಲ.

– ನಿವೃತ್ತ ಶಿಕ್ಷಕ, ಹಾವೇರಿ