ಹೊಸಬರ ಕೈಗೆ ರಿಟರ್ನ್ ಕೊಡುವ ಮುನ್ನ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಚೇರಿಗೆ ಹೊಸದಾಗಿ ಸೇರಿರುವ ಹುಡುಗ ಹುಡುಗಿಯರಿಗೆ ಆದಾಯ ತೆರಿಗೆ ರಿಟರ್ನ್ ಸಿದ್ಧಪಡಿಸುವುದನ್ನು ಕಲಿಸುವ ಹೊಣೆ ನಿನ್ನ ಮೇಲೆ ಬಿದ್ದಿದೆ ಎಂದು ಬರೆದಿದ್ದೀಯೆ. ತಂತ್ರಾಂಶದ ಯಾವ ಪರದೆಯಿಂದ ಶುರುಮಾಡಲಿ ಎಂದೂ ಕೇಳಿದ್ದೀಯೆ. ಯಾವ ಪರದೆಯಿಂದಲೂ ಬೇಡ. ಮೊದಲ ವಾರ ಅವರನ್ನು ತಂತ್ರಾಂಶದ ಹತ್ತಿರ ಬಿಡಲೇಬೇಡ. ಸಂಬಳ, ಬಡ್ಡಿ, ಲಾಭಾಂಶ, ಟಿಡಿಎಸ್ (ಮೂಲದಲ್ಲೇ ಕಡಿದ ತೆರಿಗೆ) ಎಲ್ಲವನ್ನೂ ಇಲಾಖೆಯ ಪೋರ್ಟಲ್ ಈಗ ತಾನಾಗಿಯೇ ತುಂಬಿಸಿಕೊಡುತ್ತದೆ. ತುಂಬಿದ್ದನ್ನು ಕಂಡವರಿಗೆ ಕೆಲಸ ಮುಗಿದೇ ಹೋಯಿತು ಅನ್ನಿಸುತ್ತದೆ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ: ಇಲ್ಲಿ ಏನು ಬಿಟ್ಟುಹೋಗಿದೆ, ಬಂದಿರುವುದರಲ್ಲಿ ಯಾವುದು ಸರಿಯಿಲ್ಲ ಎಂದು ಕೇಳುವುದರಿಂದ. ಆ ಕೇಳುವ ಬುದ್ಧಿ ಬರುವ ಮೊದಲೇ ಗುಂಡಿ ಒತ್ತುವುದು ಅಭ್ಯಾಸವಾದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ.

ಹಾಗಾದರೆ ಕೈಗೆ ಕೊಡುವುದೇನು? ಕಾಗದ, ಪೆನ್ನು, ಎರಡು ಫಾರಂ 16, ಅಂದರೆ ಸಂಬಳ ಕೊಟ್ಟವರು ಸಂಬಳ ಮತ್ತು ಕಡಿದ ತೆರಿಗೆಯ ಬಗ್ಗೆ ಕೊಡುವ ಪ್ರಮಾಣಪತ್ರ. ಒಬ್ಬ ನೌಕರ 2025-26ರ ಮೊದಲ ಆರು ತಿಂಗಳು ಒಂದು ಕಡೆ, ಉಳಿದ ಆರು ತಿಂಗಳು ಇನ್ನೊಂದು ಕಡೆ ದುಡಿದಿದ್ದಾನೆ, ಎರಡೂ ಕಡೆ ಏಳೇಳು ಲಕ್ಷ ರೂಪಾಯಿ ಸಂಬಳ, ತೆರಿಗೆ ಹೊಸ ಪದ್ಧತಿಯಲ್ಲಿ (ದರ ಕಡಿಮೆ, ಕಡಿತಗಳೂ ಕಡಿಮೆ) ಎಂದು ಲೆಕ್ಕ ಕೊಡು. ಮೊದಲನೆಯವರು ಇಡೀ ವರ್ಷಕ್ಕೆ 14 ಲಕ್ಷ ಎಂದು ಅಂದಾಜಿಸಿ ಆರು ತಿಂಗಳ ಪಾಲಿನ ತೆರಿಗೆ ಕಡಿದಿರುತ್ತಾರೆ. ಹಳೆಯ ಸಂಬಳದ ವಿವರವನ್ನು ಅವನು ಹೊಸ ಕಡೆಗೆ ಫಾರಂ 12ಬಿಯಲ್ಲಿ ತಿಳಿಸದಿದ್ದರೆ ಎರಡನೆಯವರ ಕಣ್ಣಿಗೆ ಕಾಣುವುದು ಏಳು ಲಕ್ಷ ಮಾತ್ರ. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರೆಲ್ಲರಿಗೂ ಸಿಗುವ ನಿಗದಿತ ಕಡಿತ) ಹೋದರೆ 6,25,000. ಆದಾಯ ತೆರಿಗೆ ಬೀಳದ 12 ಲಕ್ಷದ ಮಿತಿಯೊಳಗಿದೆ ಎಂದು ಅವರು ಒಂದು ರೂಪಾಯಿಯನ್ನೂ ಕಡಿಯುವುದಿಲ್ಲ. ಎರಡನ್ನೂ ಕೂಡಿಸಿದರೆ 14 ಲಕ್ಷ. ಡಿಡಕ್ಷನ್ ಸಿಗುವುದು ಒಂದೇ ಸಲ. ಉಳಿದ 13,25,000ಕ್ಕೆ ತೆರಿಗೆ 78,750, ಅದಕ್ಕೆ ಶೇಕಡಾ 4ರ ಸೆಸ್ ಸೇರಿ 81,900. ಕಡಿತವಾಗಿರುವುದು ಹೆಚ್ಚುಕಡಿಮೆ ಅದರ ಅರ್ಧ. ಉಳಿದರ್ಧವನ್ನು ಬಡ್ಡಿಯೊಂದಿಗೆ ಕಟ್ಟಬೇಕು.

ಈ ಲೆಕ್ಕವನ್ನು ಸ್ಲ್ಯಾಬ್ ಸ್ಲ್ಯಾಬಾಗಿ, ಅಂದರೆ ದರ ಬದಲಾಗುವ ಹಂತ ಹಂತವಾಗಿ, ಅವರೇ ಬರೆಯಲಿ, ಕ್ಯಾಲ್ಕುಲೇಟರ್ ಬೇಕಾದರೆ ಬಳಸಲಿ. ಆಮೇಲೆ ನೀನೇ ಆ ನೌಕರನಾಗಿ ಎದುರು ಕುಳಿತು, "ಎರಡೂ ಕಡೆಯವರು ಫಾರಂ 16 ಕೊಟ್ಟಿದ್ದಾರಲ್ಲ, ಇನ್ನೆಲ್ಲಿಯ ಬಾಕಿ?" ಎಂದು ಕೇಳು. ತಂತ್ರಾಂಶ ತೋರಿಸಿತು ಎಂಬ ಉತ್ತರವನ್ನು ಒಪ್ಪಬೇಡ. ಎಲ್ಲಿ ಎರಡು ಸಲ ವಿನಾಯಿತಿ ಸಿಕ್ಕಿತ್ತು, ಯಾಕೆ ಈಗ ಒಂದೇ ಸಲ ಎಂದು ತೆರಿಗೆಯ ಗಂಧ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳಿದ ದಿನ ಅವರಿಗೆ ಸಂಬಳದ ಅಧ್ಯಾಯ ಬಂತೆಂದು ತಿಳಿ.

ಎರಡನೆಯ ಪಾಠ ಎಐಎಸ್. 2021ರ ನವೆಂಬರಿನಿಂದ ಈ ವಾರ್ಷಿಕ ಮಾಹಿತಿ ವಿವರಣೆ ಬಂದ ಮೇಲೆ ತೆರಿಗೆ ಕಡಿತದ ವಿವರ ತೋರಿಸುವ 26ಎಎಸ್ ಒಂದನ್ನೇ ನೋಡುತ್ತಿದ್ದ ಕಾಲ ಹೋಯಿತು. ಒಳ್ಳೆಯದೇ ಆಯಿತು. ಆದರೆ ಹೊಸಬರು ಅದನ್ನು ವೇದವಾಕ್ಯವೆಂದು ನಂಬುತ್ತಾರೆ. ಅದರಲ್ಲಿ ಮ್ಯೂಚುವಲ್ ಫಂಡ್ ಮಾರಾಟ ಎಂದು 8 ಲಕ್ಷ ಕಂಡರೆ ಅದು ಮಾರಿದ ಮೊತ್ತ. ಲಾಭ ಹತ್ತು ಸಾವಿರವೂ ಇರಬಹುದು, ನಷ್ಟವೂ ಇರಬಹುದು. ಒಂದು ಯೋಜನೆಯಿಂದ ಇನ್ನೊಂದಕ್ಕೆ ಬದಲಾಯಿಸಿದ್ದನ್ನು ಮಾರಾಟವೆಂದು ಕಕ್ಷಿದಾರರು ಎಣಿಸುವುದೇ ಇಲ್ಲ, ಏಕೆಂದರೆ ಬ್ಯಾಂಕಿಗೆ ಹಣ ಬಂದಿರುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅದೂ ಮಾರಾಟವೇ. ಇತ್ತ, ಬಾಡಿಗೆದಾರ ನಗದಾಗಿ ಕೊಟ್ಟ ಬಾಡಿಗೆ ಸಾಮಾನ್ಯವಾಗಿ ಎಐಎಸ್‌ನಲ್ಲಿ ಎಲ್ಲೂ ಇರುವುದಿಲ್ಲ. ಚಿಕ್ಕ ಮಗುವಿನ ಹೆಸರಿನ ಠೇವಣಿಯ ಬಡ್ಡಿ ತಂದೆಯ ಅಥವಾ ತಾಯಿಯ ಆದಾಯಕ್ಕೆ ಸೇರಬೇಕೆಂದು ಅವರ ಎಐಎಸ್ ಹೇಳುವುದಿಲ್ಲ. ತಪ್ಪು ನಮೂದಿದ್ದರೆ ಪೋರ್ಟಲಿನಲ್ಲೇ ಅದಕ್ಕೆ ಪ್ರತಿಕ್ರಿಯೆ ದಾಖಲಿಸಬಹುದು. ಅದನ್ನೂ ಮಾಡಿಸಿ ತೋರಿಸು.

ಕಾಗದದಲ್ಲಿಲ್ಲದ್ದು ಬಾಯಿಂದಲೇ ಬರಬೇಕು. ಕೇಳುವ ಕಲೆಯನ್ನು ಪಟ್ಟಿ ಕೊಟ್ಟು ಕಲಿಸಲಾಗದು ಮಗಳೇ, ಪಕ್ಕದಲ್ಲಿ ಕೂರಿಸಿಕೊಂಡೇ ಕಲಿಸಬೇಕು. "ಬೇರೆ ಆದಾಯ ಇದೆಯೇ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ, ಸುಳ್ಳು ಹೇಳಬೇಕೆಂದೇನೂ ಅಲ್ಲ, ಅದು ಆದಾಯವೆಂದು ಅವರಿಗೆ ಹೊಳೆದಿರುವುದಿಲ್ಲ. "ಈ ವರ್ಷ ಏನನ್ನಾದರೂ ಮಾರಿದಿರಾ? ಮನೆ ಖಾಲಿ ಇದೆಯೇ, ಯಾರಾದರೂ ಇದ್ದಾರೆಯೇ? ಠೇವಣಿ ಯಾವ ಯಾವ ಬ್ಯಾಂಕಿನಲ್ಲಿದೆ?" ಎಂದು ಬದುಕಿನ ಕಡೆಯಿಂದ ಕೇಳಬೇಕು. ಹೊರದೇಶದ ಕಂಪನಿಗಳ ಶಾಖೆಗಳಲ್ಲಿ ದುಡಿಯುವವರನ್ನು "ಕಂಪನಿ ನಿಮಗೆ ಷೇರು ಕೊಟ್ಟಿದೆಯೇ?" ಎಂದು ಕೇಳದೆ ಬಿಡಲೇಬಾರದು. ವಿದೇಶಿ ಷೇರು ಇದ್ದವರಿಗೆ ಐಟಿಆರ್-1 ಎಂಬ ಸರಳ ನಮೂನೆ ನಡೆಯುವುದಿಲ್ಲ. ಸಾಮಾನ್ಯ ನಿವಾಸಿಯಾಗಿದ್ದರೆ ವಿದೇಶಿ ಆಸ್ತಿಗಳ ಪಟ್ಟಿಯಾದ ಷೆಡ್ಯೂಲ್ ಎಫ್ಎ ತುಂಬಬೇಕು, ಅದೂ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡದವರೆಗೆ ಹೋಗಬಹುದು. ಯಾವ ದುರುದ್ದೇಶವೂ ಇಲ್ಲದ ನೌಕರನೊಬ್ಬ ಒಂದು ಪ್ರಶ್ನೆ ಕೇಳದಿದ್ದ ಕಾರಣಕ್ಕೆ ಅಂಥ ನೋಟಿಸು ಕೈಯಲ್ಲಿ ಹಿಡಿಯುವಂತಾಗಬಾರದು.

ಇನ್ನು ಅಭ್ಯಾಸಕ್ಕೆ ಕಳೆದ ವರ್ಷ ಮುಗಿದ ಕಡತಗಳನ್ನೇ ತೆಗೆ. ಸಲ್ಲಿಸಿದ ರಿಟರ್ನನ್ನು ಮುಚ್ಚಿಟ್ಟು ದಾಖಲೆಗಳನ್ನಷ್ಟೇ ಕೊಡು. ಅವರು ಕಟ್ಟಿದ್ದನ್ನು ಆಮೇಲೆ ಮೂಲದೊಂದಿಗೆ ತಾಳೆ ನೋಡಲಿ. ಪ್ರತಿ ಅಂಕಿಯ ಪಕ್ಕದಲ್ಲೂ ಅದು ಯಾವ ಕಾಗದದಿಂದ ಬಂತೆಂದು ಬರೆದಿರಲೇಬೇಕು. ಪರಿಶೀಲಿಸುವಾಗ ನಿನಗೊಂದು ಕಟ್ಟುನಿಟ್ಟು ಹೇಳುತ್ತೇನೆ: ತಪ್ಪು ಕಂಡರೆ ನೀನೇ ತಿದ್ದಬೇಡ. ಜುಲೈ ತಿಂಗಳಲ್ಲಿ ಅದೇ ಬೇಗ ಮುಗಿಯುವ ದಾರಿ ಅನ್ನಿಸುತ್ತದೆ, ಆದರೆ ಹಾಗೆ ತಿದ್ದಿದ ತಪ್ಪು ಮರುವರ್ಷ ಅದೇ ಕೈಯಿಂದ ಮತ್ತೆ ಬರುತ್ತದೆ. "ಮನೆ ಬಾಡಿಗೆ ವಿನಾಯಿತಿಯ ಲೆಕ್ಕಕ್ಕೆ ಯಾವ ಸಂಬಳ ತೆಗೆದುಕೊಂಡಿದ್ದೀಯೆ?" ಎಂದಷ್ಟೇ ಬರೆದು ಕಡತ ವಾಪಸು ಕಳಿಸು. ಮೂಲ ವೇತನದ ಬದಲು ಒಟ್ಟು ಸಂಬಳ ಹಿಡಿದಿದ್ದು ಅವರಿಗೇ ಸಿಗಲಿ. ಈಜು ಕಲಿಸುವವನು ಎಷ್ಟು ಹೊತ್ತು ಕೈ ಹಿಡಿದಿರಬೇಕು, ಯಾವಾಗ ಬಿಡಬೇಕು ಎಂದು ನೋಡುತ್ತಾನಲ್ಲ, ಅಷ್ಟೇ ಎಚ್ಚರ ನಿನಗೂ ಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಬೇರೆ ಕಡೆ. "ರೀಫಂಡ್ ಸ್ವಲ್ಪ ಜಾಸ್ತಿ ಬರುವ ಹಾಗೆ ಮಾಡಿ" ಎಂದು ಕಕ್ಷಿದಾರರು ಕೇಳುವುದು ಹೆಚ್ಚಾಗಿ ನಿನ್ನನ್ನಲ್ಲ, ಆ ಹೊಸ ಹುಡುಗನನ್ನು. ಕೊಡದ ದೇಣಿಗೆ, ಕಟ್ಟದ ಬಾಡಿಗೆ, ಇಲ್ಲದ ಆರೋಗ್ಯ ವಿಮೆ. ಬಂದವರು ವಯಸ್ಸಿನಲ್ಲಿ ದೊಡ್ಡವರು, ಕಚೇರಿಗೆ ಹಳಬರು. ಅವನಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. 2025ರ ಜುಲೈ 14ರಂದು ಇಲಾಖೆ ದೇಶದ ಹಲವೆಡೆ ಇಂಥ ಸುಳ್ಳು ಕಡಿತಗಳನ್ನು ಹುಡುಕಿಕೊಂಡು ಹೊರಟಾಗ ಅದರ ಕಣ್ಣಿದ್ದದ್ದು ತೆರಿಗೆದಾರರ ಮೇಲಷ್ಟೇ ಅಲ್ಲ, ರಿಟರ್ನ್ ತಯಾರಿಸಿಕೊಟ್ಟ ಮಧ್ಯವರ್ತಿಗಳ ಮೇಲೂ. ಆದಾಯವನ್ನು ತಪ್ಪಾಗಿ ತೋರಿಸಿದ್ದು ಸಾಬೀತಾದರೆ ದಂಡ ಹಾಗೆ ತಪ್ಪಿಸಿದ ತೆರಿಗೆಯ ಶೇಕಡಾ 200. ಇದನ್ನೆಲ್ಲ ಹೇಳಿಕೊಡು, ಆದರೆ ಹೆದರಿಸಿ ಸುಮ್ಮನಾಗಬೇಡ. ಇಲ್ಲವೆನ್ನಲು ಅವರಿಗೆ ಒಂದು ವಾಕ್ಯ ಬೇಕು: "ರಸೀದಿ ಕೊಡಿ ಸಾರ್, ಇಲ್ಲದಿದ್ದರೆ ಹಾಕಲಾಗುವುದಿಲ್ಲ." ಆ ವಾಕ್ಯ ಹೇಳಿದ ಹುಡುಗನನ್ನು ಕಕ್ಷಿದಾರರು ದೂರಿದಾಗ ನೀನು ಅವನ ಬೆನ್ನಿಗೆ ನಿಲ್ಲಬೇಕು. ಒಂದು ಸಲ ನೀನು ಕಕ್ಷಿದಾರರ ಕಡೆ ವಾಲಿದರೆ ನೀನು ಕಲಿಸಿದ್ದೆಲ್ಲ ಅಂದೇ ನೀರುಪಾಲು.

ಈ ವರ್ಷ ಒಂದು ಹೆಚ್ಚಿನ ತೊಡಕಿದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಆದರೆ 2025-26ರ ಆದಾಯದ ರಿಟರ್ನ್ ಇನ್ನೂ 1961ರ ಕಾಯ್ದೆಯದೇ. ಹೊಸಬರು ಇಲಾಖೆಯ ಹೊಸ ಪುಟ ಓದಿಬಂದು "ತೆರಿಗೆ ವರ್ಷ" (ಆದಾಯ ಗಳಿಸಿದ ವರ್ಷಕ್ಕೆ ಹೊಸ ಕಾಯ್ದೆಯ ಹೆಸರು) ಎನ್ನುತ್ತಾರೆ, ಕೈಯಲ್ಲಿರುವ ನಮೂನೆ, ಗಳಿಸಿದ ವರ್ಷದ ಮರುವರ್ಷವನ್ನು ಹಿಡಿದು, "ಅಸೆಸ್‌ಮೆಂಟ್ ವರ್ಷ" ಎನ್ನುತ್ತದೆ. ಗೊಂದಲ ಬೇಡ, ಎರಡೂ ಕಾಯ್ದೆಗಳ ಕಲಂಗಳನ್ನು ಎದುರುಬದುರು ಬರೆದ ಒಂದು ಹಾಳೆ ಗೋಡೆಗೆ ಅಂಟಿಸು. ಕಡಿತಗಳು ಹೆಚ್ಚಿರುವ ಹಳೆ ಪದ್ಧತಿ ಬೇಕೆನ್ನುವ ಕಕ್ಷಿದಾರರ ಕಡತಗಳನ್ನು ಬೇರೆಯಾಗಿಯೇ ಇಡಿಸು. ರಿಟರ್ನ್ ಸಲ್ಲಿಸುವ ಗಡುವು ದಾಟಿದರೆ 5,000 ರೂಪಾಯಿವರೆಗಿನ ತಡ ಶುಲ್ಕಕ್ಕಷ್ಟೇ ಮುಗಿಯುವುದಿಲ್ಲ, ಹಳೆ ಪದ್ಧತಿ ಆರಿಸಿಕೊಳ್ಳುವ ಅವಕಾಶವೇ ಕೈತಪ್ಪುತ್ತದೆ, ಗೃಹಸಾಲ ವಿಮೆಗಳ ಕಡಿತವೆಲ್ಲ ಅದರೊಂದಿಗೇ ಹೋಗುತ್ತದೆ.

ರಿಟರ್ನ್ ಸಲ್ಲಿಸಿದ ಮೇಲೆ 30 ದಿನಗಳೊಳಗೆ ಇ-ವೆರಿಫೈ, ಅಂದರೆ ಪೋರ್ಟಲಿನಲ್ಲಿ ದೃಢೀಕರಣ, ಆಗಬೇಕು. ಅದಾಗುವವರೆಗೆ "ಮುಗಿದವು" ಎಂಬ ಕಪಾಟಿಗೆ ಕಡತ ಹೋಗಕೂಡದು.

ಕಕ್ಷಿದಾರರ ಪಾಸ್‌ವರ್ಡುಗಳನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸು. ಅಭ್ಯಾಸದ ಕಡತಗಳಲ್ಲೂ ಹೆಸರು, ಪ್ಯಾನ್, ಖಾತೆ ಸಂಖ್ಯೆ ಅಳಿಸಿದ ಪ್ರತಿಗಳನ್ನೇ ಕೊಡು. ಹಾಗೆ ಅಳಿಸಿದ ಪ್ರತಿಗಳ ಒಂದು ಕಟ್ಟು ನನಗೂ ಕಳಿಸು; ಯಾವುದನ್ನು ಮೊದಲು ಕೊಡಬೇಕು, ಯಾವುದನ್ನು ಆಮೇಲೆ ಎಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ