ಹಳಿ ಪಕ್ಕದ ಕಲ್ಲು: ಬೀರೂರಿನಲ್ಲಿರುವ ಮಗಳಿಗೊಂದು ಪತ್ರ

ಹಾಸನ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟು ಇಟ್ಟುಬಿಟ್ಟೆ. ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾವನ ಮಕ್ಕಳು ಸಂಜೆ ಹೊತ್ತು ಹಳಿ ಪಕ್ಕ ನಿಂತು ರೈಲಿಗೆ ಕಲ್ಲು ಹೊಡೆಯುತ್ತಾರೆ, ನಿನ್ನನ್ನೂ ಕರೆದರು, ನೀನು ಹೋಗಲಿಲ್ಲ. "ಆದರೆ ಅಷ್ಟು ದೊಡ್ಡ ರೈಲಿಗೆ ಇಷ್ಟು ಚಿಕ್ಕ ಕಲ್ಲು ತಾಗಿದ್ರೆ ಏನಾಗುತ್ತಮ್ಮ?" ಅಂದೆ. ಒಳ್ಳೆಯ ಪ್ರಶ್ನೆ ಅದು. ಅದಕ್ಕೆ ಬೇಕಾದ ಲೆಕ್ಕ ನಿನ್ನ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಹಳಿಯ ಕೆಳಗೆ ಸುರಿದಿರುವ ಜಲ್ಲಿ ಸುಮಾರು 20ರಿಂದ 65 ಮಿಲಿಮೀಟರ್ ಗಾತ್ರದ್ದು. ಯಂತ್ರದಲ್ಲಿ ಒಡೆದದ್ದು, ಹೊಳೆಗಲ್ಲಿನ ಹಾಗೆ ದುಂಡಗಿರುವುದಿಲ್ಲ, ಅಂಚು ಚೂಪು. ಕೈತುಂಬ ಸಿಗುವ ಒಂದು ಕಲ್ಲು 150ರಿಂದ 200 ಗ್ರಾಂ ತೂಗುತ್ತದೆ. ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ ಆಸುಪಾಸು, ಅಷ್ಟೇ ಅಂದುಕೋ. ನಿನ್ನ ವಯಸ್ಸಿನವರು ಬೀಸಿ ಎಸೆದರೆ ಅದು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಹೋಯಿತು ಎಂದಿಟ್ಟುಕೊಳ್ಳೋಣ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸು. 200 ಗ್ರಾಂ ಕಲ್ಲಿಗೆ ಸುಮಾರು 14 ಜೂಲ್ ಚಲನಶಕ್ತಿ ಬರುತ್ತದೆ. ಗೋಡೆಗೆ ಬಿದ್ದರೆ ಒಂದಿಷ್ಟು ಗಾರೆ ಕಿತ್ತುಬಂದೀತು.

ಈಗ ರೈಲನ್ನು ಸೇರಿಸು. ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ದಾಟುತ್ತದೆ. ನೀನು ಎಸೆಯುವುದೇ ಬೇಡ, ಕಲ್ಲು ಗಾಳಿಯಲ್ಲಿ ಸುಮ್ಮನೆ ನಿಂತಿದ್ದು ರೈಲೇ ಬಂದು ಅದಕ್ಕೆ ಬಡಿದರೂ 90 ಜೂಲ್ ಮೀರುತ್ತದೆ. ಎದುರಿಗೆ ಬರುತ್ತಿರುವ ರೈಲಿನ ಮೂತಿಗೆ ಎಸೆದರೆ ಎರಡೂ ವೇಗ ಕೂಡಿಕೊಂಡು ಸೆಕೆಂಡಿಗೆ 42 ಮೀಟರ್ ಆಗುತ್ತದೆ, ಶಕ್ತಿ 180 ಜೂಲ್ ಹತ್ತಿರ. ವೇಗ ಮೂರೂವರೆ ಪಟ್ಟು ಏರಿದರೆ ಪೆಟ್ಟು ಹನ್ನೆರಡು ಪಟ್ಟಿಗೂ ಮೇಲೆ ಏರುವುದು ಆ ವರ್ಗದಿಂದಲೇ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು 58 ಅಡಿ. ಅದರ ಐದು ಪಟ್ಟು ಎತ್ತರದಿಂದ ಅದೇ ಕಲ್ಲನ್ನು ಬಿಟ್ಟರೆ ನೆಲ ಮುಟ್ಟುವಾಗ ಎಷ್ಟು ವೇಗ ಇರುತ್ತದೋ ಹೆಚ್ಚುಕಡಿಮೆ ಅಷ್ಟು. ಎಸೆದವನಿಗೆ ತನ್ನ ತೋಳಿನ ಬಲ ಮಾತ್ರ ಗೊತ್ತಿರುತ್ತದೆ. ಕಲ್ಲಿಗೆ ಮಿಕ್ಕ ವೇಗವನ್ನೆಲ್ಲ ಕೊಡುವುದು ರೈಲು. ಮಕ್ಕಳಿಗೆ ಇದೊಂದು ತಿಳಿದಿರುವುದಿಲ್ಲ, ಅದಕ್ಕೇ ಅವರಿಗೆ ಅದು ಆಟದ ಹಾಗೆ ಕಾಣುತ್ತದೆ.

ಪಕ್ಕದ ಕಿಟಕಿಯ ಲೆಕ್ಕ ಸ್ವಲ್ಪ ಬೇರೆ. ಗಾಜು ರೈಲಿನ ಓಟದ ದಿಕ್ಕಿಗೇ ಹಾಸಿಕೊಂಡಿರುವುದರಿಂದ ನೇರವಾಗಿ ಬಂದ ಕಲ್ಲಿನ ಪೆಟ್ಟು ಅದಕ್ಕೆ ಎದುರಿನ ಗಾಜಿಗಿಂತ ಕಡಿಮೆ. ಕಿಟಕಿ ತೆರೆದಿದ್ದರೆ ಮಾತ್ರ ಈ ವಿನಾಯಿತಿ ಇಲ್ಲ. ಜನರಲ್ ಬೋಗಿಯ ಕಿಟಕಿ ಸರಳುಗಳ ನಡುವೆ ಜಲ್ಲಿಕಲ್ಲು ಸಲೀಸಾಗಿ ನುಗ್ಗುತ್ತದೆ. ಒಳಗೆ ಕೂತವರೂ ರೈಲಿನ ವೇಗದಲ್ಲೇ ಹೋಗುತ್ತಿರುತ್ತಾರಲ್ಲ, ಮುಂದಕ್ಕೆ ಮುಖ ಮಾಡಿ ಕೂತವರ ಹಣೆ, ಕಣ್ಣು, ಹಲ್ಲಿಗೆ ಪೂರ್ತಿ ವೇಗದ ಪೆಟ್ಟು ಬೀಳುತ್ತದೆ. ಗಾಳಿಗೆ ಅಂತ ಮಕ್ಕಳನ್ನು ಕೂರಿಸುವ ಜಾಗವೂ ಅದೇ. ಬಾಗಿಲಲ್ಲಿ ಹಿಡಿಕೆ ಹಿಡಿದು ನಿಂತವನಿಗೆ ಮಂಡಿಗೋ ಮುಂಗೈಗೋ ತಾಗಿದರೂ ಸಾಕು, ಗಾಯ ಸಣ್ಣದಾದರೂ ಹಿಡಿತ ತಪ್ಪುತ್ತದೆ.

ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಗಾಜು ಎರಡು ಪದರದ್ದು. ಸಾಮಾನ್ಯವಾಗಿ ಹೊರಗಿನದು ಒಡೆದು ಜೇಡರ ಬಲೆಯ ಹಾಗಾಗುತ್ತದೆ, ಒಳಗಿನದು ನಿಲ್ಲುತ್ತದೆ. 2023ರ ಜುಲೈ 1ರಂದು ನಿಮ್ಮ ಕಡೂರು ಬೀರೂರು ನಡುವೆಯೇ ಧಾರವಾಡದ ವಂದೇ ಭಾರತ್‌ಗೆ ಕಲ್ಲು ಬಿದ್ದು ಕಿಟಕಿ ಗಾಜು ಒಡೆದಿತ್ತು. ಆ ರೈಲು ಓಡಲು ಶುರುವಾಗಿ ವಾರ ಕೂಡ ಆಗಿರಲಿಲ್ಲ. ಯಾರಿಗೂ ಗಾಯವಾಗಲಿಲ್ಲ. ಅದೇ ಕಲ್ಲು ಹಿಂದೆ ಬರುವ ಪ್ಯಾಸೆಂಜರಿನ ತೆರೆದ ಕಿಟಕಿಗೆ ಬಿದ್ದಿದ್ದರೆ ನಡುವೆ ಗಾಜೇ ಇರುತ್ತಿರಲಿಲ್ಲ.

ಇಂಜಿನ್ನಿನ ಮುಂದಿನ ಗಾಜಿನದು ಇನ್ನೊಂದು ಬಗೆಯ ಅಪಾಯ. ಅದು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಗಾಜು, ಚೂರಾಗಿ ಉದುರುವುದಿಲ್ಲ. ಆದರೆ ಬಿರುಕು ಹಬ್ಬಿದರೆ ಆಚೆಗಿನದು ಕಾಣುವುದಿಲ್ಲ. ಲೋಕೊ ಪೈಲಟ್ ಮತ್ತು ಸಹಾಯಕ ಇಬ್ಬರೂ ಪ್ರತಿ ಸಿಗ್ನಲ್ಲಿನ ಬಣ್ಣ ನೋಡಿ ಗಟ್ಟಿಯಾಗಿ ಒಬ್ಬರಿಗೊಬ್ಬರು ಹೇಳಬೇಕು, ಅದು ನಿಯಮ. ಸಂಜೆ ಬಿಸಿಲು ಎದುರಿಗಿದ್ದಾಗ ಒಡೆದ ಗಾಜು ಪೂರ್ತಿ ಬೆಳ್ಳಗೆ ಹೊಳೆಯುತ್ತದೆ. ಆ ವೇಗದ ರೈಲಿಗೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕಾಗಬಹುದು. ಹಿಂದೆ ಸಾವಿರಕ್ಕೂ ಹೆಚ್ಚು ಜನ ಕೂತಿರುತ್ತಾರೆ, ಮುಂದೆ ನೋಡುವುದು ಆ ನಾಲ್ಕು ಕಣ್ಣು.

ಹೊಡೆದವರಿಗೆ ಇದು ಯಾವುದೂ ಕಾಣಿಸುವುದಿಲ್ಲ ಪುಟ್ಟಿ. ಟಪ್ ಅಂತ ಸದ್ದು ಕೇಳಿ ನಗುವಷ್ಟರಲ್ಲಿ ಕೊನೆಯ ಬೋಗಿ ಹೋಗಿಬಿಟ್ಟಿರುತ್ತದೆ. ಕಡೂರಿನಿಂದ ಅರಸೀಕೆರೆಗೆ ನಲವತ್ತು ಕಿಲೋಮೀಟರ್ ಹತ್ತಿರ. ನಡುವೆ ನಿಲ್ಲದ ರೈಲಾದರೆ ಅಷ್ಟು ದೂರ ಒಬ್ಬರು ಕಣ್ಣಿನ ಮೇಲೆ ಸೆರಗು ಒತ್ತಿಕೊಂಡು ಕೂತಿರಬೇಕು.

ಹಾಗೆ ಒತ್ತಿಕೊಳ್ಳುವುದೂ ತಪ್ಪೇ. ನೀನು ಕೂತ ಬೋಗಿಯಲ್ಲಿ ಯಾರಿಗಾದರೂ ಹೀಗಾದರೆ ಏನು ಮಾಡಬೇಕು ಎಂದು ಹೇಳಿಬಿಡುತ್ತೇನೆ. ಕಣ್ಣಿಗೆ ಪೆಟ್ಟಾಗಿದ್ದರೆ ಉಜ್ಜಬಾರದು, ಒತ್ತಬಾರದು. ಗಾಜು ಚುಚ್ಚಿಕೊಂಡಿದ್ದರೆ ಕೀಳಬಾರದು, ನೀರು ಹಾಕಿ ತೊಳೆಯಬಾರದು. ಕಣ್ಣುಗುಡ್ಡೆ ಸೀಳಿದ್ದರೆ ಒತ್ತಿದಾಗ ಒಳಗಿನದು ಹೊರಗೆ ಬರುತ್ತದೆ, ಉಳಿಯಬಹುದಾದ ದೃಷ್ಟಿಯೂ ಹೋಗುತ್ತದೆ. ಕಾಗದದ ಟೀ ಲೋಟದ ತಳಭಾಗವನ್ನು ಕತ್ತರಿಸಿ, ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಮಾತ್ರ ಆನುವಂತೆ ಕವುಚಿ ಇಟ್ಟು, ಮೇಲೆ ಸಡಿಲವಾಗಿ ಬಟ್ಟೆ ಕಟ್ಟಬೇಕು. ಒಂದು ಕಣ್ಣು ಅತ್ತಿತ್ತ ನೋಡಿದರೆ ಇನ್ನೊಂದೂ ಜೊತೆಗೆ ಹೊರಳುತ್ತದೆ, ಆದ್ದರಿಂದ ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡು ಅಲುಗದೆ ಇರಲು ಹೇಳಬೇಕು. ತಿನ್ನಲು ಕುಡಿಯಲು ಏನೂ ಕೊಡಬೇಡ, ಆಪರೇಷನ್ ಬೇಕಾದೀತು. ತಲೆಗೆ ಬಿದ್ದಿದ್ದರೆ ಶುದ್ಧ ಬಟ್ಟೆ ಒತ್ತಿ ರಕ್ತ ನಿಲ್ಲಿಸಬಹುದು, ಆದರೆ ಮೂಳೆ ಒಳಗೆ ಕುಸಿದಂತೆ ತಗ್ಗು ಕಂಡರೆ ಆ ತಗ್ಗಿನ ಮೇಲೆ ಒತ್ತಬಾರದು, ಸುತ್ತ ಮಾತ್ರ. ವಾಂತಿ, ಮಂಪರು, ತೊದಲು ಮಾತು, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಇವುಗಳಲ್ಲಿ ಒಂದು ಕಂಡರೂ "ಚೆನ್ನಾಗೇ ಮಾತಾಡ್ತಿದ್ದಾರಲ್ಲ" ಅಂತ ತಡಮಾಡುವ ಹಾಗಿಲ್ಲ.

ಅಲ್ಲೇ ಚೈನು ಎಳೆಯುವುದರಿಂದ ಪ್ರಯೋಜನವಿಲ್ಲ. ರೈಲು ಬಯಲಲ್ಲಿ ನಿಂತರೆ ಆಸ್ಪತ್ರೆ ಹತ್ತಿರವಾಗುವುದಿಲ್ಲ, ಇನ್ನೂ ಕಲ್ಲು ಬೀಳಬಹುದು. ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡು, ಟಿಕೆಟ್ ನೋಡುವ ಟಿಟಿಇ ಸಿಕ್ಕರೆ ಅವರಿಗೂ ಹೇಳು. ರೈಲಿನ ನಂಬರು, ಬೋಗಿ, ಸೀಟು, ಗಾಯ ಎಂಥದ್ದು ಎಂದು ತಿಳಿಸಿದರೆ ಮುಂದಿನ ನಿಲ್ದಾಣಕ್ಕೆ ಸುದ್ದಿ ಹೋಗುತ್ತದೆ. ಹಳಿ ಪಕ್ಕದ ವಿದ್ಯುತ್ ಕಂಬಗಳ ಮೇಲೆ ಕಿಲೋಮೀಟರ್ ಸಂಖ್ಯೆ, ಗೆರೆ, ಕಂಬದ ಸಂಖ್ಯೆ ಬರೆದಿರುತ್ತಾರೆ. ಅದು ಕಣ್ಣಿಗೆ ಬಿದ್ದಿದ್ದರೆ ಕಲ್ಲು ಎಲ್ಲಿಂದ ಬಂತು ಎಂಬುದು ಖಚಿತವಾಗಿ ಸಿಗುತ್ತದೆ.

ಕಲ್ಲು ಹೆಕ್ಕಲು ಹೋಗುವುದರಲ್ಲೇ ಇನ್ನೊಂದು ಗಂಡಾಂತರ ಇದೆ. ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್, ಬೋಗಿಯ ಅಗಲ ಮೂರು ಮೀಟರಿಗೂ ಹೆಚ್ಚು. ಅಂದರೆ ಹಳಿಯಿಂದ ಹೊರಕ್ಕೆ ಮುಕ್ಕಾಲು ಮೀಟರಿನಷ್ಟು ಬೋಗಿ ಚಾಚಿಕೊಂಡೇ ಬರುತ್ತದೆ. ಜಲ್ಲಿಯ ಇಳಿಜಾರಿನಲ್ಲಿ ಬಗ್ಗಿದವರ ತಲೆ ಎಲ್ಲಿರುತ್ತದೆ ನೋಡು. ಅಲ್ಲಿ ಜೋಡಿ ಹಳಿ ಬೇರೆ, ಒಂದು ರೈಲಿನ ಸದ್ದಿನಲ್ಲಿ ಇನ್ನೊಂದು ಬಂದದ್ದು ಕೇಳುವುದಿಲ್ಲ. ಎಸೆದ ಕಲ್ಲು ಓಡುವ ಚಕ್ರಕ್ಕೆ ತಾಗಿದರೆ ಎಸೆದವರ ಕಡೆಗೇ ಸಿಡಿಯಬಹುದು.

ಚಿಕ್ಕವನು ಹಳಿ ಮೇಲೆ ಕಲ್ಲು ಸಾಲಾಗಿ ಇಟ್ಟು ಪುಡಿಯಾಗುವುದನ್ನು ನೋಡುತ್ತಾನೆ ಅಂದೆಯಲ್ಲ, ನನಗೆ ಅದು ಇದಕ್ಕಿಂತಲೂ ಹೆಚ್ಚು ಭಯ. ಆ ಚೂರುಗಳು ಹಾರುವುದು ನೋಡುತ್ತ ನಿಂತವರ ಮುಖದ ಎತ್ತರಕ್ಕೆ. ಸ್ಟೇಷನ್ ಹತ್ತಿರ ಹಳಿ ಕವಲೊಡೆಯುವ ಪಾಯಿಂಟಿನಲ್ಲಿ ಕಲ್ಲು ಸಿಕ್ಕಿಕೊಂಡರೆ ಸರಿಯುವ ಹಳಿ ಪಕ್ಕದ ಹಳಿಗೆ ಅಂಟಿ ಕೂರುವುದಿಲ್ಲ. 5 ಮಿಲಿಮೀಟರ್ ಸಂದು ಉಳಿದರೂ ಪಾಯಿಂಟು ಲಾಕ್ ಆಗಬಾರದು, ಹಸಿರು ಸಿಗ್ನಲ್ ಬರಬಾರದು ಎಂದು ಅದನ್ನು ಹಾಗೇ ಹೊಂದಿಸಿರುತ್ತಾರೆ. ಬೀರೂರಿನಿಂದ ಶಿವಮೊಗ್ಗದ ಹಳಿ ಬೇರೆ ಕವಲೊಡೆಯುತ್ತದೆ, ಅಲ್ಲಿ ಒಂದು ಪಾಯಿಂಟು ಕೆಟ್ಟರೆ ಎರಡು ದಾರಿಯ ರೈಲುಗಳೂ ಕಾಯಬೇಕಾದೀತು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇದೆ, ಅದನ್ನು ಹಿಡಿದಿರುವ ಪಿಂಗಾಣಿ ಇನ್ಸುಲೇಟರಿಗೆ ಗುರಿ ಇಡುವ ಹುಡುಗರೂ ಇದ್ದಾರೆ. ಅದು ಒಡೆದರೆ ಕರೆಂಟು ಹೋಗಿ ರೈಲು ನಿಂತೀತು. ತಂತಿ ಕೆಳಗೆ ಬಿತ್ತೋ, ಹತ್ತಿರ ಯಾರೂ ಸುಳಿಯುವ ಹಾಗಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಜೈಲಿನ ಹೆದರಿಕೆಯಿಂದ ಮಾತ್ರ ಬಿಡುವವರು ಯಾರೂ ನೋಡದಿದ್ದಾಗ ಮತ್ತೆ ಹೊಡೆಯುತ್ತಾರೆ. 1989ರ ರೈಲ್ವೆ ಕಾಯ್ದೆಯ 152ನೇ ಸೆಕ್ಷನ್ ಪ್ರಕಾರ ರೈಲಿಗೆ ಕಲ್ಲು ಎಸೆದರೆ ಹತ್ತು ವರ್ಷದವರೆಗೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದು. ನೋಯಿಸುವ ಉದ್ದೇಶವೇ ಇರಬೇಕೆಂದಿಲ್ಲ, ಒಳಗಿದ್ದವರಿಗೆ ಅಪಾಯವಾದೀತು ಎಂದು ತಿಳಿದಿದ್ದರೆ ಸಾಕು. ತಮಾಷೆಗೆ ಎಸೆದೆ ಎಂದರೆ ಉಳಿಯುವುದಿಲ್ಲ. ಹದಿನೆಂಟು ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ.

ಮಾವನ ಮಕ್ಕಳಿಗೆ ನೀನು ಬುದ್ಧಿ ಹೇಳಲು ಹೋಗಬೇಡ, ರೇಗುತ್ತಾರೆ. ಮೇಲಿನ ಲೆಕ್ಕವನ್ನು ದೊಡ್ಡವನ ಕೈಯಲ್ಲೇ ಮಾಡಿಸು, ಅವನಿಗೆ ಬೌಲಿಂಗ್ ಹುಚ್ಚಲ್ಲವೆ, 42 ಮೀಟರನ್ನು ಗಂಟೆಯ ಲೆಕ್ಕಕ್ಕೆ ತಿರುಗಿಸಲು ಹೇಳು. 150 ಕಿಲೋಮೀಟರ್ ದಾಟುತ್ತದೆ. ಆ ಚೆಂಡನ್ನು ಹೆಲ್ಮೆಟ್ ಇಲ್ಲದೆ, ಬರುವುದೇ ಗೊತ್ತಿಲ್ಲದೆ ಎದುರಿಸುವುದು ಹೇಗೆ ಅಂತ ಅವನೇ ಯೋಚಿಸಲಿ. ಗುರಿ ಹೊಡೆಯುವ ಚಟ ಇದ್ದರೆ ಹಿತ್ತಿಲಲ್ಲಿ ತೆಂಗಿನ ಚಿಪ್ಪು ಸಾಲಾಗಿ ಇಟ್ಟುಕೊಳ್ಳಲಿ. ಬೇರೆ ಹುಡುಗರು ಹೊಡೆಯುವುದು ಕಂಡರೆ ಅವರನ್ನು ಅಟ್ಟಿಸಿಕೊಂಡು ಹೋಗಬೇಡ, ಮಾವನಿಗೆ ಹೇಳು, ಅಜ್ಜಿಯ ಫೋನಿನಲ್ಲೂ 139 ಹಾಕಿಕೊಡು.

ಬರುವ ಶನಿವಾರ ನೀನು ರೈಲಿನಲ್ಲೇ ಬರುತ್ತೀಯ. ಖಾಲಿ ಬಾಟಲಿ, ಎಳನೀರು ಬುರುಡೆ ಏನನ್ನೂ ಕಿಟಕಿಯಿಂದ ಎಸೆಯಬೇಡ. ನಿನ್ನ ಕೈಯಿಂದ ಜಾರಿದ ವಸ್ತುವಿಗೂ ರೈಲಿನ ವೇಗವೇ ಇರುತ್ತದೆ, ಸ್ಪ್ಯಾನರು ಸುತ್ತಿಗೆ ಹಿಡಿದು ಹಳಿ ನೋಡುತ್ತ ನಡೆಯುವ ಕೀಮನ್ ಆ ಹೊತ್ತಿಗೆ ಪಕ್ಕಕ್ಕೆ ಸರಿದು ನಿಂತಿರುತ್ತಾನೆ. ಊರು ಹತ್ತಿರ ಬಂದಾಗ ಗಾಜಿನ ಷಟರ್ ಇಳಿಸು, ಬಾಗಿಲ ಹತ್ತಿರ ನಿಲ್ಲಬೇಡ. ಅಪ್ಪ ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲೇ ಇರುತ್ತಾರೆ, ಅಲ್ಲಿಂದ ಹಾಸನಕ್ಕೆ ಜೊತೆಯಲ್ಲಿ ಬನ್ನಿ.

ಬೀರೂರು ಬಿಟ್ಟ ಸ್ವಲ್ಪ ಹೊತ್ತಿಗೆ ಅಜ್ಜಿ ಮನೆಯ ಹಿತ್ತಿಲು ಕಾಣುತ್ತದಲ್ಲ. ಯಾವ ಬೋಗಿ, ಎಷ್ಟನೇ ಕಿಟಕಿ ಅಂತ ಹುಡುಗರಿಗೆ ಮೊದಲೇ ಹೇಳಿರು. ಬೇಲಿಯಿಂದ ಈಚೆ ನಿಂತು ಕೈ ಬೀಸಲಿ.

ನಿನ್ನ
ಅಮ್ಮ