ಬರೀ ದ್ರಾವಕದ ಕುಳಿ ಏನು ಹೇಳಿತು?

ಮಾನ್ಯ ಸಂಪಾದಕರೇ,

ತೊಗಟೆಯ ಸಾರ ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ಸುದ್ದಿ ಓದಿದಾಗಲೆಲ್ಲ ನನ್ನ ಹಳೆಯ ತಪ್ಪು ನೆನಪಾಗುತ್ತದೆ. ಬೇವಿನ ತೊಗಟೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಎಥನಾಲ್ (ಮದ್ಯಸಾರ) ಎಂಬ ದ್ರಾವಕದಲ್ಲಿ ನೆನೆಸಿ ತೆಗೆದ ಸಾರವನ್ನು, ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯಲ್ಲಿ (ಅವು ಬೆಳೆಯುವ ಲೋಳೆಯಂಥ ಪದರ) ಕೊರೆದ 6 ಮಿ.ಮೀ. ಕುಳಿಗೆ ಹಾಕಿದ್ದೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಇಟ್ಟ ಮೇಲೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವರ್ತುಲ ಕಂಡು ಹಿಗ್ಗಿದೆ. ಆದರೆ ಬರೀ ಎಥನಾಲ್ ಹಾಕಿದ್ದ ಕುಳಿಯ ಸುತ್ತಲೂ ಹೆಚ್ಚುಕಡಿಮೆ ಅಷ್ಟೇ ವರ್ತುಲವಿತ್ತು! ಸಾರದಿಂದ ದ್ರಾವಕವನ್ನು ಪೂರ್ತಿ ಆವಿ ಮಾಡಿರಲಿಲ್ಲ; ಹಾಗಾಗಿ ಬ್ಯಾಕ್ಟೀರಿಯಾವನ್ನು ತಡೆದದ್ದು ಬೇವೋ ಎಥನಾಲೋ ಹೇಳುವಂತಿರಲಿಲ್ಲ.

ಇನ್ನೊಂದು ಮಾತು: ತೊಗಟೆಯಲ್ಲಿ ಟ್ಯಾನಿನ್ (ಒಗರು ರುಚಿ ಕೊಡುವ ವಸ್ತು) ಹೇರಳ. ಅದು ಸಿಕ್ಕಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತದೆ. ಹಾಗಾಗಿ ತಟ್ಟೆಯಲ್ಲಿ ಕಂಡ ಗುಣ ದೇಹದೊಳಗೂ ಕಾಣುತ್ತದೆ ಎನ್ನಲಾಗದು.

ಇಂಥ ವರದಿಗಳಲ್ಲಿ ಬರೀ ದ್ರಾವಕದ ಫಲಿತಾಂಶವನ್ನೂ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆಯನ್ನೂ ದಯವಿಟ್ಟು ಪ್ರಕಟಿಸಿ.

— ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿ